ಕೊಳ್ಳುವ ಮೊದಲು ಕೇಳಿ: ಪ್ಯಾಕೆಟ್ ರೇಡಿಯೊ ಶುರು ಮಾಡುವವರಿಗೆ

ಪ್ರಶ್ನೆ: ಸರ್, ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದು ಮೂರು ತಿಂಗಳಾಯಿತು. ಎರಡು ಬ್ಯಾಂಡಿನ ಒಂದು ಎಫ್‌ಎಂ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ) ಇದೆ, ಹಳೆಯ ಲ್ಯಾಪ್‌ಟಾಪ್ ಇದೆ. ಪ್ಯಾಕೆಟ್ ರೇಡಿಯೊ, ಅಂದರೆ ಕಂಪ್ಯೂಟರಿನ ಅಕ್ಷರಗಳನ್ನು ತುಂಡು ತುಂಡಾಗಿ ರೇಡಿಯೊದಲ್ಲಿ ಕಳಿಸುವುದನ್ನು ಮಾಡಿ ನೋಡುವ ಆಸೆ. ಟಿಎನ್‌ಸಿ (ಪ್ಯಾಕೆಟ್‌ಗೆ ಅಂತ ಇರುವ ಮೋಡೆಮ್ ಡಬ್ಬ) ಇಲ್ಲದೆ ಆಗುವುದಿಲ್ಲ ಅಂತ ಒಬ್ಬರು ಹೇಳುತ್ತಾರೆ, ಸೌಂಡ್ ಕಾರ್ಡ್ ಸಾಕು ಅಂತ ಇನ್ನೊಬ್ಬರು. ಸೆಕೆಂಡಿಗೆ 1200 ಬಿಟ್ ತುಂಬಾ ನಿಧಾನ, ನೇರ 9600ಕ್ಕೆ ಹೋಗು ಅಂತ ಮತ್ತೊಬ್ಬರು. ಏನು ಕೊಳ್ಳಲಿ, ಯಾವ ಸಾಫ್ಟ್‌ವೇರ್ ಹಾಕಲಿ? ಒಮ್ಮೆ ಸುಮ್ನೆ ಲ್ಯಾಪ್‌ಟಾಪಿನ ಹೆಡ್‌ಫೋನ್ ಜಾಕ್‌ನಿಂದ ಹ್ಯಾಂಡಿಯ ಮೈಕ್‌ಗೆ ವೈರ್ ಎಳೆದು, ವಾಕ್ಸ್ (ಸದ್ದು ಬಂದರೆ ತಾನಾಗಿ ಟ್ರಾನ್ಸ್‌ಮಿಟ್ ಆಗುವ ಸೌಲಭ್ಯ) ಆನ್ ಮಾಡಿ ಕಳಿಸಿ ನೋಡಿದೆ. ಗೆಳೆಯನ ರೇಡಿಯೊದಲ್ಲಿ 'ಬ್ರ್ರಾಪ್' ಅಂತ ಜೋರಾಗಿ ಕೇಳಿಸಿತಂತೆ. ಅವನ ಸ್ಕ್ರೀನ್ ಮೇಲೆ ಮಾತ್ರ ಒಂದಕ್ಷರವೂ ಬರಲಿಲ್ಲ.

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಹೋದದ್ದು ಕೊನೆಯ ಎರಡು ಸಾಲಿಗೆ. ಜೋರಾಗಿ ಕೇಳಿಸಿತು, ಸ್ಕ್ರೀನ್ ಮಾತ್ರ ಖಾಲಿ. ಪ್ಯಾಕೆಟ್‌ಗೆ ಕೈ ಹಾಕಿದವರೆಲ್ಲ ಈ ಬಾಗಿಲಿಗೆ ಒಮ್ಮೆ ತಲೆ ಚಚ್ಚಿಕೊಂಡವರೇ. ಆಗ ಹೆಚ್ಚಿನವರು ಇನ್ನೊಂದು ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಾರೆ, ಅದೂ ಆಗದಿದ್ದರೆ ಇನ್ನೊಂದು ಡಬ್ಬ ತರಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆದರೆ ತೊಂದರೆ ಬಹಳ ಸಲ ಅಲ್ಲಿರುವುದಿಲ್ಲ. ಅದು ಇರುವುದು ಆಡಿಯೊ ಲೆವೆಲ್‌ನಲ್ಲಿ, ಇಲ್ಲವೇ ಟೈಮಿಂಗ್‌ನಲ್ಲಿ. 'ಜೋರಾಗಿ' ಅಂತ ನೀವೇ ಬರೆದಿದ್ದೀರಲ್ಲ, ಅದೇ ಮೊದಲ ಸುಳಿವು.

ಆ 'ಬ್ರ್ರಾಪ್' ಒಳಗೆ ಏನಿದೆ ಅಂತ ಒಮ್ಮೆ ನೋಡಿಬಿಡೋಣ. ಮುಂದಿನದೆಲ್ಲ ಅದರಿಂದಲೇ ಅರ್ಥವಾಗುತ್ತದೆ. ವಿಎಚ್‌ಎಫ್‌ನ ಮಾಮೂಲಿ ಪ್ಯಾಕೆಟ್‌ನಲ್ಲಿ ಎರಡೇ ಸ್ವರ. ಒಂದು 1200 ಹರ್ಟ್ಸ್, ಇನ್ನೊಂದು 2200 ಹರ್ಟ್ಸ್. ಇದು ಹಳೆಯ ಟೆಲಿಫೋನ್ ಮೋಡೆಮ್‌ನ ಬೆಲ್ 202 ಪದ್ಧತಿ. ಒಂದು ಸ್ವರ ಅಂದರೆ ಸೊನ್ನೆ, ಇನ್ನೊಂದು ಅಂದರೆ ಒಂದು ಅಂತ ಅಂದುಕೊಳ್ಳಬೇಡಿ. ಸ್ವರ ಬದಲಾದರೆ ಸೊನ್ನೆ, ಬದಲಾಗದೆ ಹಾಗೇ ಉಳಿದರೆ ಒಂದು. ಸೆಕೆಂಡಿಗೆ 1200 ಬಿಟ್ ಹೋಗುವುದರಿಂದ, ಒಂದು ಬಿಟ್‌ನ ಅವಧಿಯಲ್ಲಿ ಕೆಳಗಿನ ಸ್ವರದ ಒಂದೇ ಒಂದು ಅಲೆ ಹಿಡಿಸುತ್ತದೆ. ಮೇಲಿನ ಸ್ವರದ್ದು ಎರಡು ಅಲೆಯೂ ಪೂರ್ತಿ ಹಿಡಿಸುವುದಿಲ್ಲ. ಅಷ್ಟರಲ್ಲೇ ಎದುರಿನ ಮೋಡೆಮ್ ಇದು ಯಾವ ಸ್ವರ ಅಂತ ತೀರ್ಮಾನಿಸಬೇಕು. ಅಲೆಯ ತಲೆ ಬೋಳಿಸಿ ಕಳಿಸಿದರೆ ಅದಾದರೂ ಏನು ಮಾಡೀತು?

ಇನ್ನು ಬಿಟ್‌ಗಳು ಹೇಗೆ ಜೋಡಿಸಿರುತ್ತವೆ ಅನ್ನುವುದು. ಎಎಕ್ಸ್.25 ಅನ್ನುವ ನಿಯಮದ ಪ್ರಕಾರ ಪ್ರತಿ ಫ್ರೇಮ್ ಒಂದು ಲಕೋಟೆ ಇದ್ದಂತೆ. ಮೊದಲು ಯಾರಿಗೆ, ಆಮೇಲೆ ಯಾರಿಂದ. ಕಾಲ್‌ಸೈನ್‌ಗೆ ಆರು ಅಕ್ಷರದ ಜಾಗ. ಅದರ ಹಿಂದೆ 0ರಿಂದ 15ರವರೆಗೆ ಒಂದು ಅಂಕಿ, ಎಸ್‌ಎಸ್‌ಐಡಿ. ಒಂದೇ ಕಾಲ್‌ಸೈನ್‌ನಲ್ಲಿ ಮನೆಯದೊಂದು, ಕಾರಿನದೊಂದು ಸ್ಟೇಷನ್ ಇಟ್ಟುಕೊಳ್ಳಲು ಅದು ಅನುಕೂಲ. ಆಮೇಲೆ ವಿಷಯ, ಸಾಮಾನ್ಯವಾಗಿ 256 ಬೈಟ್‌ವರೆಗೆ. ಕೊನೆಗೆ 16 ಬಿಟ್‌ನ ಒಂದು ತಾಳೆ ಲೆಕ್ಕ. ಕೇಳುವ ಕಡೆ ಅದೇ ಲೆಕ್ಕ ಮತ್ತೆ ಹಾಕುತ್ತಾರೆ. ತಾಳೆಯಾಗದಿದ್ದರೆ ಇಡೀ ಫ್ರೇಮ್ ಬುಟ್ಟಿಗೆ. ಎರಡು ಸಾವಿರ ಬಿಟ್‌ನಲ್ಲಿ ಒಂದು ತಪ್ಪಿದರೂ ಅಷ್ಟೇ. ಅರ್ಧಂಬರ್ಧ ಅಕ್ಷರ, ಕಲಸುಮೇಲೋಗರ, ಯಾವುದೂ ಕಾಣಿಸುವುದಿಲ್ಲ. ಗೆಳೆಯನ ಸ್ಕ್ರೀನ್ ಖಾಲಿ ಇದ್ದದ್ದು ಇದಕ್ಕೇ. ಅವರಿಗೆ ನಿಮ್ಮ ಪ್ಯಾಕೆಟ್ ತಲುಪಲೇ ಇಲ್ಲ ಅಂತ ಅಲ್ಲ, ತಲುಪಿದ್ದು ಲೆಕ್ಕಕ್ಕೆ ಕೂಡಲಿಲ್ಲ ಅಂತ.

ಈಗ ಟಿಎನ್‌ಸಿ ವಿಚಾರ. ಈ ಗೊಂದಲಕ್ಕೆ ಇತಿಹಾಸವೇ ಕಾರಣ. ರೇಡಿಯೊದಲ್ಲಿ ಪ್ಯಾಕೆಟ್ ಕಳಿಸುವ ಯೋಚನೆ ಹವಾಯಿ ವಿಶ್ವವಿದ್ಯಾಲಯದ ಅಲೋಹಾನೆಟ್‌ನಲ್ಲಿ 1971ರಲ್ಲೇ ಕೆಲಸ ಮಾಡಿ ತೋರಿಸಿತ್ತು. ಹ್ಯಾಮ್‌ಗಳ ಪೈಕಿ ಇದನ್ನು ಮೊದಲು ಮಾಡಿದ್ದು ಕೆನಡಾದ ಮಾಂಟ್ರಿಯಲ್‌ನವರು, 1978ರಲ್ಲಿ. ಆಗಿನ ಮನೆ ಕಂಪ್ಯೂಟರ್‌ಗೆ ಸ್ವರ ಗುರುತಿಸಿ, ಲಕೋಟೆ ಕಟ್ಟಿ, ತಾಳೆ ನೋಡುವಷ್ಟು ಶಕ್ತಿ ಎಲ್ಲಿತ್ತು? ಹಾಗಾಗಿ ಆ ಕೆಲಸಕ್ಕೇ ಒಂದು ಬೇರೆ ಡಬ್ಬ ಬಂತು. ಅದೇ ಟಿಎನ್‌ಸಿ. ಅಮೆರಿಕದ ಟೂಸಾನ್‌ನ ಟಾಪರ್ ಗುಂಪು 1985ರಲ್ಲಿ ತಂದ ಟಿಎನ್‌ಸಿ-2 ಎಷ್ಟು ಹಬ್ಬಿತೆಂದರೆ, ಆಮೇಲೆ ಬಂದ ಎಷ್ಟೋ ಡಬ್ಬಗಳು ಅದರ ತದ್ರೂಪುಗಳೇ. ಒಳಗೆ ಒಂದು ಝಡ್80 ಚಿಪ್, ಒಂದು ಮೋಡೆಮ್. ಈಗ ನಿಮ್ಮ ಹಳೆಯ ಲ್ಯಾಪ್‌ಟಾಪ್ ಕೂಡ ಆ ಇಡೀ ಕೆಲಸವನ್ನು ನಿದ್ದೆಗಣ್ಣಲ್ಲಿ ಮಾಡಿ ಮುಗಿಸುತ್ತದೆ. ಸೌಂಡ್ ಕಾರ್ಡ್ ಮತ್ತು ಒಂದು ಉಚಿತ ಸಾಫ್ಟ್‌ವೇರ್ ಸೇರಿದರೆ ಅದೇ ನಿಮ್ಮ ಟಿಎನ್‌ಸಿ. ಅಂದರೆ ನಿಮಗೆ ಸಲಹೆ ಕೊಟ್ಟ ಇಬ್ಬರೂ ಸರಿಯೇ. ಟಿಎನ್‌ಸಿ ಬೇಕು, ಆದರೆ ಅದು ಡಬ್ಬವೇ ಆಗಿರಬೇಕಿಲ್ಲ.

ಮತ್ತೆ ನಿಮ್ಮ ತೊಂದರೆಗೆ ಬರೋಣ. ನಿಮ್ಮ ಕಡೆ ತಪ್ಪಿದೆಯೋ, ಗೆಳೆಯನ ಕಡೆ ತಪ್ಪಿದೆಯೋ? ಇಬ್ಬರೂ ಹೊಸಬರಾದರೆ ಹೇಳುವುದು ಕಷ್ಟ. ಗಡಿಯಾರ ಎರಡೂ ನಿಂತಿರುವಾಗ ಒಂದನ್ನು ನೋಡಿ ಇನ್ನೊಂದಕ್ಕೆ ಟೈಮ್ ಇಟ್ಟಂತೆ. ಅದಕ್ಕೇ ಮೊದಲ ವಾರ ಪಿಟಿಟಿ (ಟ್ರಾನ್ಸ್‌ಮಿಟ್ ಬಟನ್) ಮುಟ್ಟಬೇಡಿ, ಬರೀ ಕೇಳಿ. ಚೆನ್ನಾಗಿದೆ ಅಂತ ಗೊತ್ತಿರುವ ಸಿಗ್ನಲ್ ಹಿಡಿದು ನಿಮ್ಮ ಕೇಳುವ ಕಡೆಯನ್ನು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಕಳಿಸುವ ಕಡೆಯನ್ನು ಅಳೆಯಲು ಅದೇ ನಿಮಗೆ ಅಳತೆಗೋಲು ಆಗುತ್ತದೆ.

ಲ್ಯಾಪ್‌ಟಾಪ್‌ಗೆ ಡೈರ್‌ವುಲ್ಫ್ ಹಾಕಿಕೊಳ್ಳಿ. ಜಾನ್ ಲ್ಯಾಂಗ್ನರ್ ಅವರು ಬರೆದದ್ದು, ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್, ರಾಸ್ಪ್‌ಬೆರಿ ಪೈ, ಎಲ್ಲದರಲ್ಲೂ ಓಡುತ್ತದೆ. ನೋಡಲು ಬರೀ ಕಪ್ಪು ಕಿಟಕಿ, ಬಟನ್ ಒಂದೂ ಇಲ್ಲ. ಹೆದರಬೇಡಿ. ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಸೌಂಡ್ ಕಾರ್ಡ್ ಯಾವುದು, ನಿಮ್ಮ ಕಾಲ್‌ಸೈನ್ ಏನು, ಪಿಟಿಟಿ ಹೇಗೆ ಅಂತ ಮೂರು ಸಾಲು ತಿದ್ದಿದರೆ ಮುಗಿಯಿತು. ವಿಂಡೋಸ್‌ನಲ್ಲಿ ಕಿಟಕಿ, ಮೀಟರ್ ಎಲ್ಲ ಬೇಕೇ ಬೇಕು ಅನ್ನುವವರು ಯುಝಡ್7ಎಚ್‌ಒ ಸೌಂಡ್‌ಮೋಡೆಮ್ ನೋಡಬಹುದು, ಅದೂ ಒಳ್ಳೆಯದೇ. ನಾನು ಹೊಸಬರಿಗೆ ಡೈರ್‌ವುಲ್ಫ್ ಹೇಳುವುದಕ್ಕೆ ಒಂದೇ ಕಾರಣ, ಅದು ಬಾಯಿಬಡುಕ. ಪ್ರತಿ ಪ್ಯಾಕೆಟ್ ಬಂದಾಗಲೂ ಲೆವೆಲ್ ಎಷ್ಟಿತ್ತು ಅಂತ ಬರೆಯುತ್ತದೆ. ಮೊದಲಿಗೆ ರೇಡಿಯೊದ ಗೊಡವೆಯೇ ಬೇಡ ಅಂದರೆ ಅದರ ಜೊತೆಗೆ ಬರುವ ಒಂದು ಪುಟ್ಟ ಪ್ರೋಗ್ರಾಂನಿಂದ ಪ್ಯಾಕೆಟ್ ಇರುವ ಆಡಿಯೊ ಫೈಲ್ ತಯಾರಿಸಿ, ಇನ್ನೊಂದರಿಂದ ಓದಿಸಿ ನೋಡಬಹುದು.

ಕೇಳುವುದು ಏನನ್ನು? ನಿಮ್ಮ ಭಾಗದಲ್ಲಿ ಎಪಿಆರ್‌ಎಸ್ (ಸ್ಟೇಷನ್‌ಗಳು ತಾವಿರುವ ಜಾಗವನ್ನು ಪ್ಯಾಕೆಟ್‌ನಲ್ಲಿ ಸಾರುವ ಪದ್ಧತಿ) ಚಾನೆಲ್‌ನಲ್ಲಿ ಓಡಾಟ ಇದ್ದರೆ ಅದೇ ಸುಲಭ. ಉತ್ತರ ಅಮೆರಿಕದಲ್ಲಿ ಅದು 144.390 ಮೆಗಾಹರ್ಟ್ಸ್, ಯುರೋಪಿನಲ್ಲಿ 144.800. ನಿಮ್ಮಲ್ಲಿ ಯಾವುದು ಅಂತ ನಿಮ್ಮ ಬ್ಯಾಂಡ್ ಪ್ಲಾನ್ ನೋಡಿಕೊಳ್ಳಿ. ಸುತ್ತಮುತ್ತ ಯಾರೂ ಇಲ್ಲದಿದ್ದರೆ ತಲೆ ಎತ್ತಿ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಪ್ಯಾಕೆಟ್ ಡಿಜಿಪೀಟರ್ (ಕೇಳಿಸಿದ ಪ್ಯಾಕೆಟ್ ಅನ್ನು ಮತ್ತೆ ಕಳಿಸುವ ಸ್ಟೇಷನ್) ಆನ್ ಇರುವಾಗ 145.825ರಲ್ಲಿ ಕೇಳಿಸುತ್ತದೆ. ತಲೆಯ ಮೇಲೆ ಹಾದುಹೋಗಲು ಹತ್ತು ನಿಮಿಷ ತೆಗೆದುಕೊಂಡರೆ ಹೆಚ್ಚು. ಹ್ಯಾಂಡಿಯ ರಬ್ಬರ್ ಆಂಟೆನಾಗೂ ಒಳ್ಳೆಯ ಪಾಸ್‌ನಲ್ಲಿ ಸಿಗುತ್ತದೆ. ಆಂಟೆನಾವನ್ನು ನೆಟ್ಟಗೆ ಹಿಡಿಯದೆ ಅತ್ತಿತ್ತ ಓರೆ ಮಾಡುತ್ತಾ ಇರಿ. ನಿಲ್ದಾಣದ ವೇಗದ ಕಾರಣ, ಅಂದರೆ ಡಾಪ್ಲರ್‌ನಿಂದ, ಆವರ್ತನ ಮೂರೂವರೆ ಕಿಲೋಹರ್ಟ್ಸ್‌ವರೆಗೆ ಆಚೀಚೆ ಹೋಗುತ್ತದೆ, ಎರಡು ಮೀಟರ್ ಬ್ಯಾಂಡಿನ ಎಫ್‌ಎಂಗೆ ಅದು ದೊಡ್ಡ ತೊಂದರೆ ಅಲ್ಲ. ಮೊದಲ ಸಾಲು ಸ್ಕ್ರೀನ್ ಮೇಲೆ ಮೂಡಿದಾಗ ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ಅಷ್ಟರಲ್ಲಿ ವೈರ್ ಎಳೆದು ಜಾಕ್ ಕಿತ್ತುಬಂತು, ಆ ಪಾಸ್ ಅಲ್ಲಿಗೆ ಮುಗಿಯಿತು.

ಕೇಳುವ ಮೊದಲು ಹ್ಯಾಂಡಿಯ ಮೆನುವಿನಲ್ಲಿ ಒಂದಿಷ್ಟು ಬದಲಾವಣೆ ಮಾಡಬೇಕು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಬ್ಯಾಟರಿ ಸೇವ್ ಆಫ್ ಮಾಡಿ. ಅದು ಆನ್ ಇದ್ದರೆ ರಿಸೀವರ್ ಆಗಾಗ ತೂಕಡಿಸಿ ಏಳುತ್ತದೆ. ಮಾತು ಕೇಳುವಾಗ ಗೊತ್ತಾಗುವುದಿಲ್ಲ, ಪ್ಯಾಕೆಟ್‌ನ ತಲೆ ಮಾತ್ರ ಹಾರಿಹೋಗುತ್ತದೆ. ತಲೆಯಲ್ಲೇ ವಿಳಾಸ ಇರುವುದು. ಡ್ಯುಯಲ್ ವಾಚ್ (ಎರಡು ಚಾನೆಲ್ ಸರದಿಯಲ್ಲಿ ಕೇಳುವುದು) ಕೂಡ ಆಫ್. ಟೋನ್ ಸ್ಕ್ವೆಲ್ಚ್ ಬೇಡವೇ ಬೇಡ. ಮಾಮೂಲಿ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವುದು) ಅನ್ನೂ ಸೊನ್ನೆಗೆ ಇಳಿಸಿ, ಶ್ ಅನ್ನುವ ಸದ್ದು ಸದಾ ಬರುತ್ತಿರಲಿ. ಸದ್ದಿನಿಂದ ಪ್ಯಾಕೆಟ್ ಹೆಕ್ಕುವುದು ಸಾಫ್ಟ್‌ವೇರ್‌ಗೆ ಗೊತ್ತು. ಸ್ಕ್ವೆಲ್ಚ್ ತೆರೆದುಕೊಳ್ಳುವಷ್ಟರಲ್ಲಿ ಕಳೆದುಹೋದದ್ದನ್ನು ಅದು ಎಲ್ಲಿಂದ ತಂದೀತು?

ಹ್ಯಾಂಡಿಯ ಇಯರ್‌ಫೋನ್ ಜಾಕ್‌ನಿಂದ ಲ್ಯಾಪ್‌ಟಾಪ್‌ಗೆ ತಂತಿ ಹಾಕುವಾಗ ಇನ್ನೊಂದು ಎಡವಟ್ಟು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಲೈನ್ ಇನ್ ಇರುವುದಿಲ್ಲ, ಇರುವುದು ಮೈಕ್ ಇನ್‌ಪುಟ್ ಮಾತ್ರ. ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಇಯರ್‌ಫೋನ್ ಜಾಕ್ ಕೊಡುವುದು ಅದರ ನೂರು ಪಟ್ಟು ಇರಬಹುದು. ಹ್ಯಾಂಡಿಯ ವಾಲ್ಯೂಮ್ ತೀರಾ ಕಡಿಮೆ ಇಟ್ಟು ಶುರು ಮಾಡಿ. ವಿಂಡೋಸ್‌ನಲ್ಲಿ ಮೈಕ್ ಬೂಸ್ಟ್, ನಾಯ್ಸ್ ಸಪ್ರೆಷನ್, ಆಡಿಯೊ ಎನ್‌ಹಾನ್ಸ್‌ಮೆಂಟ್ ಅನ್ನುವುದೆಲ್ಲ ಆಫ್. ಅವೆಲ್ಲ ಮನುಷ್ಯರ ದನಿಗೆ ಅಂತ ಮಾಡಿದ್ದು, ಮೋಡೆಮ್‌ನ ಸ್ವರ ಅವುಗಳ ಕಿವಿಗೆ ಗದ್ದಲ. ನಂತರ ಡೈರ್‌ವುಲ್ಫ್ ತೋರಿಸುವ ಆಡಿಯೊ ಲೆವೆಲ್ ನೋಡುತ್ತಾ ವಾಲ್ಯೂಮ್ ತಿರುಗಿಸಿ. 50ರ ಸುತ್ತಮುತ್ತ ಇದ್ದರೆ ಸಾಕು. 30 ಇದ್ದರೂ 70 ಇದ್ದರೂ ಪ್ರಪಂಚ ಮುಳುಗುವುದಿಲ್ಲ. ಆ ಅಂಕಿಯ ಪಕ್ಕ ಕಂಸದಲ್ಲಿ ಇನ್ನೆರಡು ಅಂಕಿ ಇರುತ್ತವೆ. ಅವು ಎರಡು ಸ್ವರಗಳ ಬಲ. ಎರಡೂ ಹತ್ತಿರ ಹತ್ತಿರ ಇದ್ದರೆ ಕಳಿಸಿದವರ ಸೆಟಪ್ ಚೆನ್ನಾಗಿದೆ. ಒಂದು ಇನ್ನೊಂದರ ಮೂರು ಪಟ್ಟು ಇದ್ದರೆ ಎಲ್ಲೋ ಟ್ರೆಬಲ್ ಹೆಚ್ಚು ಕಡಿಮೆ ಆಗಿದೆ ಅಂತ. ಒಂದು ವಾರ ಹೀಗೆ ಬೇರೆಯವರ ಅಂಕಿಗಳನ್ನು ನೋಡುತ್ತಾ ಕೂತರೆ ಚೆನ್ನಾಗಿರುವ ಸಿಗ್ನಲ್ ಹೇಗಿರುತ್ತದೆ ಅಂತ ತಾನಾಗೇ ತಲೆಗೆ ಹತ್ತುತ್ತದೆ.

ಇನ್ನು ಕಳಿಸುವ ಕಡೆ. ನೀವು ಮಾಡಿದ ಮೊದಲ ತಪ್ಪು, ಹೆಡ್‌ಫೋನ್ ಜಾಕ್‌ನಿಂದ ಮೈಕ್‌ಗೆ ನೇರ ವೈರ್. ಮೇಲಿನ ಕಥೆಯೇ ತಿರುಗಾಮುರುಗ. ಮೈಕ್‌ಗೆ ಅಷ್ಟು ಆಡಿಯೊ ಹೋದರೆ ರೇಡಿಯೊದೊಳಗಿನ ಲಿಮಿಟರ್ ಅಲೆಯ ನೆತ್ತಿಯನ್ನು ಚಪ್ಪಟೆ ಮಾಡುತ್ತದೆ. ಕಿವಿಗೆ ಜೋರು ಕೇಳಿಸುತ್ತದೆ, ಮೋಡೆಮ್‌ಗೆ ಏನೂ ತಿಳಿಯುವುದಿಲ್ಲ. ನಡುವೆ ಎರಡು ರೆಸಿಸ್ಟರ್‌ಗಳ ಒಂದು ವಿಭಾಜಕ ಹಾಕಿ ಆಡಿಯೊ ಇಳಿಸಬೇಕು. ಜೊತೆಗೆ 600 ಓಮ್‌ನ ಒಂದಕ್ಕೊಂದು ಟ್ರಾನ್ಸ್‌ಫಾರ್ಮರ್ ಹಾಕಿದರೆ ಲ್ಯಾಪ್‌ಟಾಪ್ ಚಾರ್ಜರ್‌ನ ಗುಂಯ್ ಅನ್ನುವ ಸದ್ದು ಪ್ಯಾಕೆಟ್ ಜೊತೆ ಸವಾರಿ ಮಾಡುವುದು ನಿಲ್ಲುತ್ತದೆ.

ಎರಡನೆಯ ತಪ್ಪು ವಾಕ್ಸ್. ಅದು ಮಾತಿಗೆ ಮಾಡಿದ್ದು. ಸದ್ದು ಕೇಳಿ ಎಚ್ಚರಾಗಲು ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಪ್ಯಾಕೆಟ್‌ನ ತಲೆ ಹೋಗಿರುತ್ತದೆ. ಸದ್ದು ನಿಂತ ಮೇಲೂ ಮಾತುಗಾರ ಉಸಿರು ಎಳೆದುಕೊಳ್ಳುತ್ತಿದ್ದಾನೇನೋ ಅಂತ ಕಾಯುತ್ತಾ ಟ್ರಾನ್ಸ್‌ಮಿಟರ್ ಅನ್ನು ಹಿಡಿದೇ ಇರುತ್ತದೆ. ಆ ಹೊತ್ತಿಗೆ ಎದುರಿನವರು 'ಸಿಕ್ಕಿತು' ಅಂತ ಉತ್ತರ ಕಳಿಸಿ ಮುಗಿಸಿರುತ್ತಾರೆ. ನಿಮಗೆ ಅದು ಕೇಳಿಸುವುದೇ ಇಲ್ಲ. ಸಿಗ್ನಾಲಿಂಕ್‌ನಂಥ ಇಂಟರ್‌ಫೇಸ್‌ಗಳೂ (ರೇಡಿಯೊ, ಕಂಪ್ಯೂಟರ್ ನಡುವೆ ಕೂರುವ ಡಬ್ಬಗಳು) ಆಡಿಯೊ ನೋಡಿಯೇ ಪಿಟಿಟಿ ಒತ್ತುತ್ತವೆ ನಿಜ. ಆದರೆ ಅವುಗಳಲ್ಲಿ ಬಿಡುವ ಸಮಯವನ್ನು ಒಂದು ನಾಬ್‌ನಿಂದ ತೀರಾ ಕಡಿಮೆ ಮಾಡಬಹುದು. ಹ್ಯಾಂಡಿಯ ವಾಕ್ಸ್‌ನಲ್ಲಿ ಆ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾದರೆ ಪಿಟಿಟಿ ಹೇಗೆ? ಕೇಳುವುದು ಕೈಗೆ ಹತ್ತಿದ ಮೇಲೆ, ಕೊಳ್ಳುವುದಾದರೆ ಇದೊಂದನ್ನು ಕೊಳ್ಳಿ: ಸಿಎಂ108 ಚಿಪ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್‌ನಿಂದ ಮಾಡಿದ ಇಂಟರ್‌ಫೇಸ್. ಆ ಚಿಪ್‌ನಲ್ಲಿ ಆಡಿಯೊ ಅಲ್ಲದೆ ಕೆಲವು ಸ್ವಿಚ್ ಕಾಲುಗಳೂ (ಜಿಪಿಐಒ) ಇವೆ. ಮೂರನೆಯ ಜಿಪಿಐಒ ಕಾಲಿಗೆ ಒಂದು ಟ್ರಾನ್ಸಿಸ್ಟರ್ ಕೂರಿಸಿದರೆ ಡೈರ್‌ವುಲ್ಫ್ ನೇರವಾಗಿ ಪಿಟಿಟಿ ಒತ್ತುತ್ತದೆ. ಡಿಜಿರಿಗ್‌ನಂಥ ಸಿದ್ಧ ಡಬ್ಬಗಳು ಸೀರಿಯಲ್ ಪೋರ್ಟ್‌ನ ಆರ್‌ಟಿಎಸ್ ತಂತಿಯಿಂದ ಇದೇ ಕೆಲಸ ಮಾಡುತ್ತವೆ. ಯಾವುದಾದರೂ ಸರಿ. ಇದರಲ್ಲಿ ಇನ್ನೊಂದು ಲಾಭವೂ ಇದೆ, ಪ್ಯಾಕೆಟ್‌ಗೆ ಬೇರೆ ಸೌಂಡ್ ಕಾರ್ಡ್, ಲ್ಯಾಪ್‌ಟಾಪಿನ ಮಾಮೂಲಿ ಸದ್ದಿಗೆ ಬೇರೆ. ನನ್ನ ಮೊದಲ ದಿನಗಳಲ್ಲಿ ಎರಡಕ್ಕೂ ಒಂದೇ ಇತ್ತು. ಒಂದು ಸಂಜೆಯೆಲ್ಲ ನನಗೆ ಮೇಲ್ ಬಂದಾಗಲೆಲ್ಲ ಆ 'ಟಿಂಗ್' ವಾಕ್ಸ್ ಮೂಲಕ ಬ್ಯಾಂಡ್ ಮೇಲೆ ಹೋಗಿದೆ. ಕೊನೆಗೆ ಹಿರಿಯರೊಬ್ಬರು ಮೈಕ್ ಹಿಡಿದು, "ನಿಮಗೆ ಇವತ್ತು ಆರು ಕಾಗದ ಬಂದಿವೆ, ಸ್ವಲ್ಪ ಓದಿಕೊಳ್ಳಿ" ಅಂದರು.

ಈಗ ಇಡೀ ಉತ್ತರದ ಮುಖ್ಯ ಭಾಗ, ಕಳಿಸುವ ಲೆವೆಲ್ ಇಡುವುದು. ಹ್ಯಾಂಡಿಯನ್ನು ಕಡಿಮೆ ಪವರ್‌ಗೆ ಹಾಕಿ. ಇನ್ನೊಂದು ರೇಡಿಯೊವನ್ನು ಪಕ್ಕದ ಕೋಣೆಯಲ್ಲಿಡಿ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟರೆ ರಿಸೀವರ್ ಉಬ್ಬಸ ಬಂದಂತಾಗಿ ನಿಮಗೆ ಸುಳ್ಳು ಹೇಳುತ್ತದೆ. ಡೈರ್‌ವುಲ್ಫ್‌ನಲ್ಲಿ ಪರೀಕ್ಷೆಯ ಸ್ವರ ಕಳಿಸುವ ಆಯ್ಕೆ ಇದೆ. ಖಾಲಿ ಇರುವ ಚಾನೆಲ್ ನೋಡಿ, ಕಾಲ್‌ಸೈನ್ ಹೇಳಿ, ಸ್ವರ ಬಿಡಿ. ಕಂಪ್ಯೂಟರ್ ವಾಲ್ಯೂಮ್ ಸೊನ್ನೆಯಿಂದ ನಿಧಾನವಾಗಿ ಏರಿಸಿ. ಮೊದಲು ಪಕ್ಕದ ರೇಡಿಯೊದಲ್ಲಿ ಸ್ವರವೂ ಏರುತ್ತಾ ಹೋಗುತ್ತದೆ. ಒಂದು ಹಂತದ ನಂತರ ನೀವು ಎಷ್ಟೇ ಏರಿಸಿದರೂ ಅಲ್ಲಿ ಏರುವುದಿಲ್ಲ, ಬರೀ ಕರ್ಕಶ ಆಗುತ್ತದೆ. ಅದೇ ಲಿಮಿಟರ್‌ನ ಗೋಡೆ. ಅಲ್ಲಿಂದ ಹಿಂದಕ್ಕೆ ಬನ್ನಿ. ಗೋಡೆಗೆ ಅಂಟಿಕೊಂಡು ನಿಲ್ಲಬೇಡಿ. ಸದ್ದು ಸ್ಪಷ್ಟವಾಗಿ ಕಡಿಮೆಯಾಯಿತು, ಸುಮಾರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದೆ ಅನ್ನಿಸುವಲ್ಲಿ ನಿಲ್ಲಿಸಿ. ಅಳತೆಯ ಉಪಕರಣ ಇರುವವರು ಮೂರು ಕಿಲೋಹರ್ಟ್ಸ್ ಡೀವಿಯೇಷನ್‌ಗೆ (ಎಫ್‌ಎಂ ಆವರ್ತನ ಆಚೀಚೆ ಅಲುಗುವ ಅಳತೆ) ಇಡುತ್ತಾರೆ. ಕಿವಿಯಿಂದ ಮಾಡಿದರೂ ಅದರ ಹತ್ತಿರ ಬರುತ್ತೀರಿ. ಕೇಳಿದರೆ 'ಇಷ್ಟು ಮೆಲ್ಲಗೆ ಸಾಕಾ?' ಅನ್ನಿಸಬೇಕು. ಅನ್ನಿಸಿದರೆ ಸರಿ ಇದೆ. ಆಮೇಲೆ ವಾಲ್ಯೂಮ್ ಎಲ್ಲಿತ್ತು ಅಂತ ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್‌ಗೆ ಅಂಟಿಸಿ. ನಾಳೆ ಮನೆಯಲ್ಲಿ ಯಾರೋ ಸಿನಿಮಾ ನೋಡಲು ಅದನ್ನು ತಿರುಗಿಸಿಯೇ ತಿರುಗಿಸುತ್ತಾರೆ.

ಹಾಗೇ ಟಿಎಕ್ಸ್‌ಡಿಲೇ ಅನ್ನುವುದೊಂದಿದೆ. ಪಿಟಿಟಿ ಒತ್ತಿದ ಮೇಲೆ ವಿಷಯ ಶುರು ಮಾಡುವ ಮೊದಲು ಎಷ್ಟು ಕಾಯಬೇಕು ಅನ್ನುವ ಲೆಕ್ಕ. 10 ಮಿಲಿಸೆಕೆಂಡ್‌ಗೆ ಒಂದರಂತೆ ಬರೆಯುತ್ತಾರೆ. ಡೈರ್‌ವುಲ್ಫ್ ತಾನಾಗಿ 30 ಇಟ್ಟುಕೊಂಡಿರುತ್ತದೆ, ಅಂದರೆ 300 ಮಿಲಿಸೆಕೆಂಡ್. ಕೆಲವು ಹ್ಯಾಂಡಿಗಳು ಸೋಮಾರಿ, ಅವುಗಳಿಗೆ 40, 50 ಬೇಕಾಗಬಹುದು. 50ರಿಂದ ಶುರು ಮಾಡಿ, ಐದೈದು ಇಳಿಸುತ್ತಾ, ಗೆಳೆಯನಿಗೆ ಪ್ಯಾಕೆಟ್ ತಪ್ಪತೊಡಗಿದಲ್ಲಿಂದ ಒಂದು ಮೆಟ್ಟಿಲು ಮೇಲೆ ಬಂದು ನಿಲ್ಲಿ.

ಎಲ್ಲ ಸರಿ ಮಾಡಿದ ಮೇಲೂ ಕಳಿಸುವಾಗ ಲ್ಯಾಪ್‌ಟಾಪ್ ಹೆಪ್ಪುಗಟ್ಟಿ, ಪಿಟಿಟಿ ಒತ್ತಿದ್ದು ಒತ್ತಿದಂತೆ ಉಳಿದರೆ ಸಾಫ್ಟ್‌ವೇರ್‌ಗೆ ಬೈಯಬೇಡಿ. ಆಂಟೆನಾದ ಶಕ್ತಿ ಯುಎಸ್‌ಬಿ ಕೇಬಲ್ ಹತ್ತಿದೆ ಅಷ್ಟೇ. ಕೇಬಲ್‌ಗೆ ಫೆರೈಟ್ ಹಾಕಿ, ಆಂಟೆನಾವನ್ನು ದೂರ ಸರಿಸಿ.

ಸಾಫ್ಟ್‌ವೇರ್‌ನಲ್ಲಿ ಹೊಸಬರು ಗಲಿಬಿಲಿಯಾಗುವುದು ಅದು ಎರಡು ಅಂತಸ್ತು ಅಂತ ಗೊತ್ತಿಲ್ಲದೆ. ಕೆಳಗೆ ಮೋಡೆಮ್, ಮೇಲೆ ನೀವು ಬಳಸುವ ಪ್ರೋಗ್ರಾಂ. ನಡುವೆ ಒಂದು ಬಾಗಿಲು. ಡೈರ್‌ವುಲ್ಫ್ 8000ದಲ್ಲಿ ಎಜಿಡಬ್ಲ್ಯು ಅನ್ನುವ ಬಾಗಿಲು, 8001ರಲ್ಲಿ ಕಿಸ್ ಅನ್ನುವ ಬಾಗಿಲು ತೆರೆದಿಟ್ಟಿರುತ್ತದೆ. ಕಿಸ್ ಅಂದರೆ ಫಿಲ್ ಕಾರ್ನ್ ಮತ್ತು ಮೈಕ್ ಚೆಪೋನಿಸ್ 1980ರ ದಶಕದಲ್ಲೇ ಮಾಡಿದ ತೀರಾ ಸರಳ ಒಪ್ಪಂದ. ಮೋಡೆಮ್ ಬರೀ ಫ್ರೇಮ್ ಕೊಡಲಿ ತೆಗೆದುಕೊಳ್ಳಲಿ, ಬುದ್ಧಿಯೆಲ್ಲ ಕಂಪ್ಯೂಟರ್‌ನಲ್ಲಿರಲಿ ಅಂತ. ಮೇಲಿನ ಪ್ರೋಗ್ರಾಂ ಯಾವ ಬಾಗಿಲು ಕೇಳುತ್ತದೋ ಆ ನಂಬರ್ ಕೊಡಿ. ಮೋಡೆಮ್ ಅನ್ನು ಮೊದಲು ಶುರು ಮಾಡಿ. ತೊಂಬತ್ತು ಪಾಲು 'ಕನೆಕ್ಟ್ ಆಗ್ತಾ ಇಲ್ಲ' ದೂರು ಇಲ್ಲೇ ಮುಗಿಯುತ್ತದೆ.

ಮೇಲಿನ ಅಂತಸ್ತಿಗೆ ನಕ್ಷೆ ಬೇಕೆಂದರೆ ಯಾಕ್ ಅಥವಾ ಎಕ್ಸ್ಆಸ್ಟಿರ್, ಮೇಲ್ ಬೇಕೆಂದರೆ ವಿನ್‌ಲಿಂಕ್ ಎಕ್ಸ್‌ಪ್ರೆಸ್ ಅಥವಾ ಪ್ಯಾಟ್. ಮುಂದೆ ನಿಮ್ಮದೇ ನೋಡ್ (ಇತರರ ಪ್ಯಾಕೆಟ್ ದಾಟಿಸುವ ಸ್ಟೇಷನ್) ಅಥವಾ ಬುಲೆಟಿನ್ ಬೋರ್ಡ್ ನಡೆಸುವ ಹುಚ್ಚು ಹಿಡಿದರೆ ಲಿನ್‌ಬಿಪಿಕ್ಯು. ಎಲ್ಲರೂ ಎಪಿಆರ್‌ಎಸ್‌ನಿಂದ ಶುರು ಮಾಡುತ್ತಾರೆ, ನಕ್ಷೆಯ ಮೇಲೆ ನಮ್ಮ ಚುಕ್ಕೆ ಕಾಣುತ್ತದಲ್ಲ. ನನ್ನ ಮಾತು ಕೇಳುವುದಾದರೆ ಅದಕ್ಕೂ ಮೊದಲು ಒಂದು ಸರಳ ಟರ್ಮಿನಲ್ ಹಾಕಿ, ಕ್ಯೂಟಿಟರ್ಮ್‌ಟಿಸಿಪಿ ಅಥವಾ ಈಜಿಟರ್ಮ್, ಗೆಳೆಯನ ಜೊತೆ ಕನೆಕ್ಟೆಡ್ ಮೋಡ್‌ನಲ್ಲಿ ಹರಟೆ ಹೊಡೆಯಿರಿ. ಎಪಿಆರ್‌ಎಸ್‌ನಲ್ಲಿ ಚುಕ್ಕೆ ಸಾಮಾನ್ಯವಾಗಿ ಕೂಗಿ ಸುಮ್ಮನಾಗುತ್ತದೆ, ಕೇಳಿಸಿತಾ ಅಂತ ಕೇಳುವುದಿಲ್ಲ. ಪ್ಯಾಕೆಟ್‌ನ ನಿಜವಾದ ಸೊಗಸು ಇರುವುದು ಕನೆಕ್ಟ್ ಆದಾಗ.

ಕಪ್ಪು ಕಿಟಕಿಯನ್ನು ಪಕ್ಕದಲ್ಲೇ ತೆರೆದಿಟ್ಟುಕೊಂಡು ನೋಡಿ. ನೀವು ಕನೆಕ್ಟ್ ಒತ್ತಿದಾಗ ಎಸ್‌ಎಬಿಎಂ ಅನ್ನುವ ಫ್ರೇಮ್ ಹೋಗುತ್ತದೆ. 'ಇದ್ದೀರಾ, ಮಾತಾಡೋಣವಾ?' ಅಂತ. ಆ ಕಡೆಯಿಂದ ಯುಎ ಬರುತ್ತದೆ, 'ಆಗಲಿ'. ಡಿಎಂ ಬಂದರೆ 'ಈಗ ಆಗುವುದಿಲ್ಲ'. ನೀವು ನಮಸ್ಕಾರ ಅಂತ ಟೈಪ್ ಮಾಡಿದರೆ ಸೊನ್ನೆಯ ನಂಬರ್ ಹೊತ್ತ ಐ ಫ್ರೇಮ್ ಹೋಗುತ್ತದೆ. ಅಲ್ಲಿಂದ ಆರ್‌ಆರ್ 1, ಅಂದರೆ ಸೊನ್ನೆಯದು ಸಿಕ್ಕಿತು, ಒಂದನೆಯದನ್ನು ಕಳಿಸಿ. ಈಗ ಬೇಕೆಂದೇ ಗೆಳೆಯನಿಗೆ ಆಂಟೆನಾ ಬಿಚ್ಚಿ ಕೇಳುತ್ತಾ ಕೂರಲು ಹೇಳಿ, ಅವನು ಸ್ವಲ್ಪ ದೂರದಲ್ಲಿದ್ದರೆ ನಿಮ್ಮ ಫ್ರೇಮ್ ತಪ್ಪುತ್ತದೆ. ಮೂರು ನಾಲ್ಕು ಸೆಕೆಂಡ್ ಕಾದು ನಿಮ್ಮ ಕಂಪ್ಯೂಟರ್ ತಾನೇ ವಿಚಾರಿಸುತ್ತದೆ, ಮತ್ತೆ ವಿಚಾರಿಸುತ್ತದೆ. ಆದರೆ ಅವನ ರೇಡಿಯೊ ಬಾಯಿ ತೆರೆಯದಂತೆ ಪಿಟಿಟಿ ತಂತಿ ಬಿಚ್ಚಿರಲಿ, ಆಂಟೆನಾ ಇಲ್ಲದೆ ಟ್ರಾನ್ಸ್‌ಮಿಟ್ ಮಾಡಿದರೆ ರೇಡಿಯೊಗೆ ಪೆಟ್ಟು. ನಿಮ್ಮ ಕಂಪ್ಯೂಟರ್ ವಿಚಾರಿಸಿ ಸೋತು ಕೈಬಿಡುವ ಮೊದಲೇ ಎರಡನ್ನೂ ಮತ್ತೆ ಹಾಕಿದರೆ ನಿಂತ ಮಾತು ನಿಂತಲ್ಲಿಂದ ಮುಂದುವರಿಯುತ್ತದೆ. ಒಂದಕ್ಷರ ಕಳೆದಿರುವುದಿಲ್ಲ, ಒಂದಕ್ಷರ ಎರಡು ಸಲ ಬಂದಿರುವುದಿಲ್ಲ. ಈ ಹತ್ತು ನಿಮಿಷದ ಆಟ ನೋಡಿದವರಿಗೆ ಮುಂದೆ ಯಾವ ಪ್ಯಾಕೆಟ್ ಸಾಫ್ಟ್‌ವೇರ್ ಕಂಡರೂ ಭಯ ಇರುವುದಿಲ್ಲ.

9600ರ ಬಗ್ಗೆ ಕೇಳಿದ್ದೀರಿ. ಸದ್ಯ ಮರೆತುಬಿಡಿ. ಅದು ಸ್ವರಗಳ ಪದ್ಧತಿಯೇ ಅಲ್ಲ. ಜಿ3ಆರ್‌ಯುಎಚ್ ಅನ್ನುವ ಆ ಪದ್ಧತಿಯಲ್ಲಿ ಸಿಗ್ನಲ್ ನೇರವಾಗಿ ಟ್ರಾನ್ಸ್‌ಮಿಟರ್‌ನ ಆವರ್ತನವನ್ನು ಅಲುಗಾಡಿಸಬೇಕು. ಮೈಕ್ ಮತ್ತು ಸ್ಪೀಕರ್ ದಾರಿಯಲ್ಲಿ ಹೋದರೆ ಅದು ಗುರುತು ಸಿಗದಂತೆ ಕೆಡುತ್ತದೆ. ಹಿಂಬದಿಯಲ್ಲಿ ಆರು ಪಿನ್ನಿನ ಮಿನಿ ಡಿನ್ ಡೇಟಾ ಪೋರ್ಟ್ ಇರುವ ದೊಡ್ಡ ರಿಗ್ ಬೇಕು. ಇನ್ನು ವೇಗದ ಲೆಕ್ಕ ನೋಡಿ. 256 ಬೈಟ್ ವಿಷಯಕ್ಕೆ ವಿಳಾಸ, ತಾಳೆ ಲೆಕ್ಕ ಎಲ್ಲ ಸೇರಿಸಿದರೆ 274 ಬೈಟ್, ಅಂದರೆ 2192 ಬಿಟ್. 1200ರಲ್ಲಿ ಅದಕ್ಕೆ 1.83 ಸೆಕೆಂಡ್, 9600ರಲ್ಲಿ 0.23 ಸೆಕೆಂಡ್. ಆದರೆ ಎರಡಕ್ಕೂ 0.3 ಸೆಕೆಂಡ್ ಟಿಎಕ್ಸ್‌ಡಿಲೇ ಸೇರಿಸಿ. 2.13ಕ್ಕೆ ಎದುರಾಗಿ 0.53. ಎಂಟು ಪಟ್ಟು ಅಂದುಕೊಂಡದ್ದು ನಾಲ್ಕು ಪಟ್ಟಾಯಿತು. ಸಣ್ಣ ಸಣ್ಣ ಪ್ಯಾಕೆಟ್ ಆದರೆ ಲಾಭ ಇನ್ನೂ ಕಡಿಮೆ. ಸಿಗ್ನಲ್ ದುರ್ಬಲ ಇರುವ ಕಡೆಗೆ ವೇಗಕ್ಕಿಂತ ಎಫ್‌ಎಕ್ಸ್.25 ಅಥವಾ ಐಎಲ್2ಪಿ ಹೆಚ್ಚು ಉಪಕಾರಿ. ಅವು ಕೆಟ್ಟ ಬಿಟ್‌ಗಳನ್ನು ಎಸೆಯದೆ ತಿದ್ದಿಕೊಳ್ಳುತ್ತವೆ, ಡೈರ್‌ವುಲ್ಫ್‌ನಲ್ಲಿ ಎರಡೂ ಇವೆ.

ಚಾನೆಲ್ ಮೇಲಿನ ನಡತೆ ಬಗ್ಗೆಯೂ ಒಂದಿಷ್ಟು. ಎಲ್ಲರಿಗೂ ಒಂದೇ ಆವರ್ತನ. ಮೋಡೆಮ್ ಮೊದಲು ಕೇಳಿ, ಖಾಲಿ ಇದ್ದರೆ ಮಾತ್ರ ಮಾತಾಡುತ್ತದೆ. ಖಾಲಿಯಾದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗಬಾರದು ಅಂತ ಸಣ್ಣ ಜೂಜು ಆಡುತ್ತದೆ, ಪ್ರತಿ 100 ಮಿಲಿಸೆಕೆಂಡ್‌ಗೆ ನಾಲ್ಕರಲ್ಲಿ ಒಂದು ಅವಕಾಶ. ಆ ಸೆಟ್ಟಿಂಗ್‌ಗಳನ್ನು 'ನನ್ನದು ಬೇಗ ಹೋಗಲಿ' ಅಂತ ಬದಲಿಸಲು ಹೋಗಬೇಡಿ. ಆದರೆ ಇಬ್ಬರು ಬೆಟ್ಟದ ಆಚೀಚೆ ಇದ್ದರೆ ಒಬ್ಬರಿಗೊಬ್ಬರು ಕೇಳಿಸುವುದಿಲ್ಲ, ಬೆಟ್ಟದ ಮೇಲಿನ ಡಿಜಿಪೀಟರ್‌ಗೆ ಇಬ್ಬರೂ ಒಟ್ಟಿಗೆ ಕೇಳಿಸುತ್ತಾರೆ. ಇದಕ್ಕೆ ಮದ್ದಿಲ್ಲ, ಕಡಿಮೆ ಕಳಿಸುವುದೊಂದೇ ದಾರಿ. ಮನೆಯಲ್ಲಿ ಕೂತ ಸ್ಟೇಷನ್ ನಿಮಿಷಕ್ಕೊಮ್ಮೆ 'ಇಲ್ಲೇ ಇದ್ದೇನೆ' ಅನ್ನುವ ಅಗತ್ಯ ಇಲ್ಲ, ಅಲ್ವಾ? ಮನೆ ಎಲ್ಲಿ ಓಡಿಹೋಗುತ್ತದೆ? ಅರ್ಧ ಗಂಟೆಗೊಮ್ಮೆ ಸಾಕು. ಗುಟ್ಟಿನ ಭಾಷೆಯಲ್ಲಿ, ಅಂದರೆ ಎನ್‌ಕ್ರಿಪ್ಟ್ ಮಾಡಿ ಕಳಿಸುವಂತಿಲ್ಲ. ಪಾಸ್‌ವರ್ಡ್ ಟೈಪ್ ಮಾಡಿದರೆ ಊರಿಗೆಲ್ಲ ಕಾಣುತ್ತದೆ, ನೆನಪಿರಲಿ.

ಡಬ್ಬದ ಟಿಎನ್‌ಸಿ ಯಾವಾಗ ಬೇಕಾಗುತ್ತದೆ ಅಂದರೆ, ಹಗಲು ರಾತ್ರಿ ಓಡುವ ನೋಡ್ ಇಡುವಾಗ. ಆಗ ನಿನೊಟಿಎನ್‌ಸಿ ಥರದ ಕಿಟ್ ಚೆನ್ನ. ಅಥವಾ ಲ್ಯಾಪ್‌ಟಾಪ್ ಬಿಟ್ಟು ಫೋನ್ ಜೊತೆ ಓಡಾಡುವಾಗ, ಬ್ಲೂಟೂತ್ ಇರುವ ಮೊಬಿಲಿಂಕ್ಡ್. ಎರಡೂ ನಿಮಗೆ ಈಗಲೇ ಬೇಕಿಲ್ಲ.

ಈ ವಾರ ನಿಮ್ಮ ಕೇಳುವ ಕಡೆ ಸರಿ ಮಾಡಿಕೊಳ್ಳಿ, ಗೆಳೆಯನಿಗೂ ಮಾಡಿಕೊಳ್ಳಲು ಹೇಳಿ. ಮುಂದಿನ ವಾರ ವಾಕ್ಸ್ ಆಫ್ ಮಾಡಿ, ಲೆವೆಲ್ ಇಳಿಸಿ ಕಳಿಸಿ ನೋಡಿ. ಆಮೇಲೂ ಅವನ ಸ್ಕ್ರೀನ್ ಖಾಲಿಯೇ ಇದ್ದರೆ ನನಗೆ ಮೂರು ವಿಷಯ ಬರೆಯಿರಿ: ಬಾಹ್ಯಾಕಾಶ ನಿಲ್ದಾಣದ ಪ್ಯಾಕೆಟ್‌ಗೆ ಅವನ ಡೈರ್‌ವುಲ್ಫ್ ತೋರಿಸಿದ ಲೆವೆಲ್, ಲಿಮಿಟರ್‌ನ ಗೋಡೆ ನಿಮಗೆ ಸಿಕ್ಕ ವಾಲ್ಯೂಮ್, ನಿಮ್ಮ ಟಿಎಕ್ಸ್‌ಡಿಲೇ. ಹ್ಯಾಂಡಿಯ ಬ್ಯಾಟರಿ ಸೇವ್ ಆಫ್ ಮಾಡಿದ್ದೀರಾ ಅಂತ ಮತ್ತೊಮ್ಮೆ ನೋಡಿ.